ಹೆಸರು ಆಮೇಲೆ ಹೇಳುತ್ತೇನೆ

(ಜಾಝ್ ಕೇಳುವವರ ಒಂದು ಸಭೆಯಲ್ಲಿ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಸಂಗೀತ ಹಾಕಿದ ಕಡೆಯೆಲ್ಲ ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ ಇದೆ. ನಿಮ್ಮ ಕುರ್ಚಿಯ ಮೇಲೆ ಒಂದೊಂದು ಚೀಟಿ ಇಟ್ಟಿದ್ದೇನೆ. ಪೆನ್ನು ಇಲ್ಲದವರು ಪಕ್ಕದವರ ಹತ್ತಿರ ಇಸ್ಕೊಳ್ಳಿ. ಈಗ ನಾಲ್ಕು ನಿಮಿಷದ ಒಂದು ಟ್ರ್ಯಾಕ್ ಹಾಕುತ್ತೇನೆ. ಮೂರೇ ವಾದ್ಯ: ಪಿಯಾನೋ, ಬೇಸ್, ಡ್ರಮ್ಸ್. ಕೇಳಿ ಮುಗಿದ ಮೇಲೆ ಮೊದಲು ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಅಂತ ಬರೆಯಿರಿ. ಅದರ ಕೆಳಗೆ, ಪಿಯಾನೋ ನುಡಿಸಿದವರು ಯಾರು ಅಂತ ಊಹಿಸಿ ಬರೆಯಿರಿ. ನಕ್ಷತ್ರ ಮೊದಲು, ಹೆಸರು ಆಮೇಲೆ. ಫೋನು ಜೇಬಿನಲ್ಲೇ ಇರಲಿ. ಹಾಡು ಪತ್ತೆ ಹಚ್ಚುವ ಆ್ಯಪ್ ತೆರೆದವರನ್ನು ಹೊರಗೆ ಕಳಿಸುತ್ತೇನೆ.

(ಟ್ರ್ಯಾಕ್ ಹಾಕಿದೆ. ರಾಗ ಹಲವರಿಗೆ ಗೊತ್ತಿರುವ ಹಳೆಯದೇ. ಆದರೆ ಪಿಯಾನೋ ಒರಟು. ಒಂದಕ್ಕೊಂದು ತಿಕ್ಕಾಡುವ ಸ್ವರಗಳನ್ನು ಒಟ್ಟಿಗೇ ಗುದ್ದಿದ ಹಾಗೆ. ಬೇಸ್ ಹಿಂದೆ ನಿಲ್ಲಲು ಒಪ್ಪುವುದಿಲ್ಲ, ಎಳೆದಾಡುತ್ತದೆ. ಡ್ರಮ್ಸ್ ಕುದಿಯುತ್ತಲೇ ಇರುತ್ತದೆ.)

ಬರೆದಾಯಿತಾ? ಚೀಟಿ ಮಡಚಿ ಮುಂದೆ ಕೊಡಿ. ಉತ್ತರ ಕೊನೆಗೆ.

ಈ ಆಟದಲ್ಲಿ ನನಗೆ ಆದ ಅವಮಾನದಿಂದಲೇ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ಐದಾರು ಜನ ಗೆಳೆಯರು ಒಬ್ಬರ ಮನೆಯಲ್ಲಿ ಸೇರಿದ್ದೆವು. ಸರದಿಯ ಮೇಲೆ ಒಬ್ಬೊಬ್ಬರೂ ಒಂದೊಂದು ಟ್ರ್ಯಾಕ್ ಹಾಕಬೇಕು, ಉಳಿದವರು ಹೇಳಬೇಕು. ಒಬ್ಬ ಗೆಳೆಯ ಒಂದು ಬ್ಲೂಸ್ ಹಾಕಿದ. ಶುರುವಿನ ರಾಗ ಬಂದ ಕೂಡಲೇ ನಾನು ನಕ್ಕೆ. ‘ಕೈಂಡ್ ಆಫ್ ಬ್ಲೂ’! ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರದ್ದು, 1959. ನೂರಾರು ಸಲ ಕೇಳಿದ ರೆಕಾರ್ಡ್. ಮುಕ್ಕಾಲು ನಿಮಿಷಕ್ಕೆ ರಾಗ ಮುಗಿದು ಪಿಯಾನೋ ಸೋಲೋ ಶುರುವಾಯಿತು. ಅವನು ಅಲ್ಲಿಗೇ ನಿಲ್ಲಿಸಿ ‘ಪಿಯಾನೋ ಯಾರು?’ ಅಂದ. ‘ಇದೂ ಒಂದು ಪ್ರಶ್ನೆನಾ? ಬಿಲ್ ಇವಾನ್ಸ್’ ಅಂದೆ. ಮೇಲೆ ಒಂದು ಪುಟ್ಟ ಭಾಷಣವನ್ನೂ ಸೇರಿಸಿದೆ. ಇವಾನ್ಸ್ ಹೇಗೆ ಸ್ವರಗಳ ನಡುವೆ ಉಸಿರಾಡಲು ಜಾಗ ಬಿಡುತ್ತಾರೆ, ಮಂಜಿನ ಹಾಗೆ ಹೇಗೆ ಹರಡುತ್ತಾರೆ, ಇತ್ಯಾದಿ.

ಆ ಟ್ರ್ಯಾಕ್ ‘ಫ್ರೆಡ್ಡಿ ಫ್ರೀಲೋಡರ್’. ಆ ರೆಕಾರ್ಡ್‌ನಲ್ಲಿ ಅದೊಂದರಲ್ಲಿ ಮಾತ್ರ ಪಿಯಾನೋ ವಿಂಟನ್ ಕೆಲಿ ಅವರದ್ದು. ಇವಾನ್ಸ್ ಆಗಲೇ ತಂಡ ಬಿಟ್ಟಿದ್ದರು, ಈ ರೆಕಾರ್ಡ್‌ಗೆಂದು ಡೇವಿಸ್ ಮತ್ತೆ ಕರೆಸಿದ್ದರು. ಆಗ ತಂಡದಲ್ಲಿದ್ದದ್ದು ಕೆಲಿ. ಅವರು ಸ್ಟುಡಿಯೋಗೆ ಬಂದು ನೋಡಿದರೆ ಪಿಯಾನೋ ಮುಂದೆ ಇವಾನ್ಸ್ ಕೂತಿದ್ದರಂತೆ. ಪಾಪ, ಹೇಗನ್ನಿಸಿರಬೇಡ.

ಇದು ಕವರಿನ ಮೇಲೇ ಬರೆದಿದೆ. ನಾನು ಓದಿಯೂ ಇದ್ದೆ. ಅದು ಬೇರೆ ಮಾತು. ನನಗೆ ನಾಚಿಕೆಯಾದದ್ದು ಇನ್ನೊಂದಕ್ಕೆ. ಆ ಸೋಲೋವನ್ನು ಸುಮ್ನೆ ಕೇಳಿದ್ದರೂ ಸಾಕಿತ್ತು. ಅದು ಕುಣಿಯುತ್ತದೆ. ತಾಳದ ಮೇಲೆ ಚಿಟಿಕೆ ಹೊಡೆದ ಹಾಗೆ ಒಂದೊಂದು ಸ್ವರವೂ ಬಂದು ಕೂರುತ್ತದೆ. ಬ್ಲೂಸ್ ನುಡಿಸುತ್ತಲೇ ಬೆಳೆದವರ ಬೆರಳು ಅದು. ಮಂಜೂ ಇಲ್ಲ, ಗಿಂಜೂ ಇಲ್ಲ. ಬಿಸಿಲಿದೆ. ಆದರೂ ನಾನು ಮಂಜಿನ ಬಗ್ಗೆ ಭಾಷಣ ಮಾಡಿದೆ. ಯಾಕೆ? ರೆಕಾರ್ಡ್ ಗುರುತು ಹತ್ತಿತು, ಅಲ್ಲಿಗೆ ಕಿವಿಯ ಬಾಗಿಲು ಹಾಕಿಕೊಂಡಿತು. ಆಮೇಲೆ ಮಾತಾಡಿದ್ದೆಲ್ಲ ನೆನಪು.

ಈವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಹೆಸರು ಗೊತ್ತಾದ ಮೇಲೆ ನಾವು ಕೇಳುವುದು ಕಡಿಮೆ.

ಈ ಆಟವನ್ನು ಊರಿಗೆಲ್ಲ ಗೊತ್ತು ಮಾಡಿದವರು ಲೆನರ್ಡ್ ಫೆದರ್. ಲಂಡನ್ನಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಜಾಝ್ ಬರಹಗಾರರು. 1946ರಲ್ಲಿ ‘ಮೆಟ್ರೊನೋಮ್’ ಪತ್ರಿಕೆಯಲ್ಲಿ ‘ಬ್ಲೈಂಡ್‌ಫೋಲ್ಡ್ ಟೆಸ್ಟ್’ ಅಂತ ಒಂದು ಅಂಕಣ ಶುರು ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟುವ ಪರೀಕ್ಷೆ ಅಂತ ಹೆಸರು, ಬಟ್ಟೆ ಗಿಟ್ಟೆ ಏನೂ ಬೇಕಾಗಿಲ್ಲ, ಕವರ್ ತೋರಿಸದಿದ್ದರೆ ಆಯಿತು. ಒಬ್ಬ ಕಲಾವಿದರನ್ನು ಕೂರಿಸಿ, ಯಾರದ್ದು ಅಂತ ಹೇಳದೆ ರೆಕಾರ್ಡ್ ಹಾಕುವುದು. ಅವರು ಅಭಿಪ್ರಾಯ ಹೇಳಬೇಕು, ನಕ್ಷತ್ರ ಕೊಡಬೇಕು, ಬೇಕಾದರೆ ಊಹಿಸಬೇಕು. ಮೊದಲು ಕೂತವರು ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್. ಆಮೇಲೆ ಅಂಕಣ ‘ಡೌನ್‌ಬೀಟ್’ ಪತ್ರಿಕೆಗೆ ಹೋಯಿತು. ಊಹೆ ತಪ್ಪಾದರೂ ಪರವಾಗಿಲ್ಲ, ಅಭಿಪ್ರಾಯ ಮುಚ್ಚಿಡಬಾರದು. ಅದೇ ಅದರ ಜೀವ.

ಅದರಲ್ಲಿ ನನಗೆ ತುಂಬಾ ಕಾಡುವ ಪರೀಕ್ಷೆ 1951ರದ್ದು. ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ ಫೆದರ್ ಜೊತೆ ಪಂದ್ಯ ಕಟ್ಟಿದರು. ನುಡಿಸುತ್ತಿರುವವರು ಕರಿಯರೋ ಬಿಳಿಯರೋ ಅಂತ ಕಿವಿಯಲ್ಲೇ ಹೇಳಬಲ್ಲೆ ಅಂತ. ಇದನ್ನು ಬರೀ ಜಂಬ ಅಂದುಕೊಳ್ಳಬೇಡಿ. ಎಲ್ಡ್ರಿಜ್ 1940ರ ದಶಕದಲ್ಲಿ ಬಿಳಿಯರ ದೊಡ್ಡ ತಂಡಗಳಲ್ಲಿ ನುಡಿಸಿದವರು. ವೇದಿಕೆ ಮೇಲೆ ಚಪ್ಪಾಳೆ, ವೇದಿಕೆ ಇಳಿದರೆ ಹೋಟೆಲಿನಲ್ಲಿ ಕೋಣೆ ಇಲ್ಲ ಅನ್ನುವ ಬದುಕು ನೋಡಿದವರು. ಆ ಗಾಯ ಇಟ್ಟುಕೊಂಡೇ ಪಂದ್ಯಕ್ಕೆ ಬಂದರು. ಫೆದರ್ ಒಂದೊಂದಾಗಿ ರೆಕಾರ್ಡ್ ಹಾಕಿದರು. ಸರಿಯಾದದ್ದಕ್ಕಿಂತ ತಪ್ಪಾದದ್ದೇ ಜಾಸ್ತಿ. ಎಲ್ಡ್ರಿಜ್ ಸೋಲು ಒಪ್ಪಿಕೊಂಡರು. ಅದು ಅಚ್ಚಾಯಿತು. ತಪ್ಪಿದ್ದನ್ನು ಪತ್ರಿಕೆಯಲ್ಲಿ ಎಲ್ಲರೆದುರು ಒಪ್ಪಿಕೊಂಡ ಆ ಗುಣಕ್ಕೆ ನಾನಂತೂ ಕೈಮುಗಿಯುತ್ತೇನೆ.

ಮೈಲ್ಸ್ ಡೇವಿಸ್ ಬೇರೆ ಥರದ ಮನುಷ್ಯ. 1964ರ ಪರೀಕ್ಷೆಯಲ್ಲಿ ಅವರು ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿಯನ್ನು ಬೈದರು, ಪಿಯಾನೋ ವಾದಕ ಸೆಸಿಲ್ ಟೇಲರ್ ಅವರನ್ನು ಬೈದರು. ಈ ಇಬ್ಬರನ್ನೂ ಈಗ ನಾವು ತಲೆ ಮೇಲೆ ಹೊತ್ತುಕೊಂಡಿದ್ದೇವೆ ಅಲ್ವಾ? ಹಾಗಂತ ಡೇವಿಸ್ ಕಿವಿ ಕೆಟ್ಟಿತ್ತು ಅನ್ನಲು ಆಗುವುದಿಲ್ಲ. ಅವರಿಗೆ ಏನು ಬೇಕಿತ್ತು, ಏನು ಬೇಡವಾಗಿತ್ತು ಅನ್ನುವುದು ಆ ಪುಟದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ಅವರ ಆ ವರ್ಷದ ರೆಕಾರ್ಡ್‌ಗಳಿಗೆ ಅದೇ ಒಳ್ಳೆಯ ಮುನ್ನುಡಿ. ಅಂದ ಹಾಗೆ ಆ ದಿನ ಅವರ ಮುಂದೆ ಹಾಕಿದ್ದರಲ್ಲಿ ಈಗಷ್ಟೇ ನೀವು ಕೇಳಿದ ಟ್ರ್ಯಾಕ್ ಕೂಡ ಇತ್ತು. ಅದೂ ಅವರಿಗೆ ಹಿಡಿಸಲಿಲ್ಲ. ಈ ಮೂವರಿಗೆ ಜೋಡಿಯೇ ಸರಿಹೋಗಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ನಿಮ್ಮ ಚೀಟಿಯಲ್ಲಿ ಎರಡೇ ನಕ್ಷತ್ರ ಇದ್ದರೆ ಒಳ್ಳೆಯವರ ಸಹವಾಸದಲ್ಲೇ ಇದ್ದೀರಿ.

1966ರಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಸರದಿ. ಮಂಕ್ ಮಾತು ಕಡಿಮೆ. ಫೆದರ್ ಹೆಚ್ಚಾಗಿ ಮಂಕ್ ಅವರದ್ದೇ ರಚನೆಗಳನ್ನು ಬೇರೆಯವರು ನುಡಿಸಿದ್ದನ್ನು ಹಾಕಿದರು. ಒಂದು ರೆಕಾರ್ಡ್ ಬಗ್ಗೆ ಕೇಳಿದರೆ ಮಂಕ್ ಕಿಟಕಿಯಿಂದ ಕಾಣುವ ನೋಟ ಚೆನ್ನಾಗಿದೆ ಅಂದರು. ಇನ್ನೊಬ್ಬ ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ ಅವರದ್ದು ಹಾಕಿದಾಗ ಟಾಯ್ಲೆಟ್ ಯಾವ ಕಡೆ ಅಂತ ಕೇಳಿದರು. ಐದು ನಕ್ಷತ್ರದ ಲೆಕ್ಕಕ್ಕೆ ಸಿಗದ ಅಭಿಪ್ರಾಯ ಇದು.

ಸರಿ, ಗುರುತು ಹಿಡಿಯುವುದು ಹೇಗೆ? ಯಾವಾಗಲೂ ಈ ಪ್ರಶ್ನೆ ಬರುತ್ತದೆ. ಕತ್ತಲಲ್ಲಿ ಮನೆಯವರ ಕೆಮ್ಮು ಗೊತ್ತಾಗುವುದಿಲ್ಲವೇ, ಹಾಗೆ. ಕೆಲವರದ್ದು ಅಕ್ಷರಶಃ ಹಾಗೇ. ಕೀತ್ ಜ್ಯಾರೆಟ್ ಪಿಯಾನೋ ನುಡಿಸುತ್ತಾ ನರಳುತ್ತಾರೆ. ಬಡ್ ಪೊವೆಲ್ ಗೊಣಗುತ್ತಾರೆ. ಸ್ಲ್ಯಾಮ್ ಸ್ಟುವರ್ಟ್ ಬೇಸ್ ಮೇಲೆ ಕಮಾನು ಎಳೆಯುತ್ತಾ ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ ಗುನುಗುತ್ತಾರೆ. ಒಂದು ಸಲ ಕೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಉಳಿದವರದ್ದು ಇಷ್ಟು ಸುಲಭ ಇಲ್ಲ. ಟ್ರಂಪೆಟ್ ಬಾಯಿಗೆ ಸಿಕ್ಕಿಸಿ ಧ್ವನಿ ತಗ್ಗಿಸುವ ಹಾರ್ಮನ್ ಮ್ಯೂಟ್‌ನ ನಡುವಿನ ಕೊಳವೆ ತೆಗೆದು, ಮೈಕಿಗೆ ತಾಗುವಷ್ಟು ಹತ್ತಿರ ಟ್ರಂಪೆಟ್ ಊದಿದರೆ ಡೇವಿಸ್ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಡೇವಿಸ್ ಆದ ಮೇಲೆ ಎಷ್ಟು ಜನ ಹಾಗೇ ಊದಿದರು! ಅದಕ್ಕೇ ಧ್ವನಿಯ ಬಣ್ಣ ನಂಬಬೇಡಿ, ಮೌನ ಕೇಳಿ ಅನ್ನುತ್ತೇನೆ. ಡೇವಿಸ್ ಎಲ್ಲಿ ನಿಲ್ಲಿಸುತ್ತಾರೆ ನೋಡಿ. ಇನ್ನೊಬ್ಬರಾದರೆ ತುಂಬಿಬಿಡುತ್ತಿದ್ದ ಜಾಗದಲ್ಲಿ ಅವರು ಸುಮ್ಮನಿರುತ್ತಾರೆ. ನಕಲು ಮಾಡುವವರಿಗೆ ಅಷ್ಟು ಹೊತ್ತು ಸುಮ್ಮನಿರುವ ಧೈರ್ಯ ಇರುವುದಿಲ್ಲ.

ಟೆನರ್ ಸ್ಯಾಕ್ಸೊಫೋನಿನದ್ದು ಇನ್ನೂ ಒಳ್ಳೆಯ ಕಥೆ. ಕೋಲ್ಮನ್ ಹಾಕಿನ್ಸ್ ಅವರದ್ದು ದಪ್ಪ, ತುಂಬಿದ ಧ್ವನಿ, ಸ್ವರದ ತುದಿಯಲ್ಲಿ ದೊಡ್ಡ ನಡುಕ. ಲೆಸ್ಟರ್ ಯಂಗ್ ಅವರದ್ದು ಹಗುರ, ಒಣಗಿದ ಧ್ವನಿ. 1934ರಲ್ಲಿ ಹಾಕಿನ್ಸ್ ಯುರೋಪಿಗೆ ಹೋದಾಗ ಫ್ಲೆಚರ್ ಹೆಂಡರ್ಸನ್ ತಂಡದಲ್ಲಿ ಅವರ ಜಾಗಕ್ಕೆ ಯಂಗ್ ಬಂದರು. ತಂಡದವರಿಗೆ ಈ ಧ್ವನಿ ಒಗ್ಗಲೇ ಇಲ್ಲ. ಯಂಗ್ ಉಳಿದುಕೊಂಡಿದ್ದದ್ದು ಹೆಂಡರ್ಸನ್ ಮನೆಯಲ್ಲಿ. ಹೆಂಡರ್ಸನ್ ಅವರ ಹೆಂಡತಿ ಬೆಳಗಾದರೆ ಹಾಕಿನ್ಸ್ ರೆಕಾರ್ಡ್ ಹಾಕಿ, ಹೀಗೆ ನುಡಿಸಬಾರದೇ ಅಂತ ಹೇಳುತ್ತಿದ್ದರಂತೆ. ಯಂಗ್ ಕೇಳಿಸಿಕೊಂಡರು, ಕೆಲವು ತಿಂಗಳಲ್ಲಿ ತಂಡ ಬಿಟ್ಟರು, ಧ್ವನಿ ಮಾತ್ರ ಬದಲಿಸಲಿಲ್ಲ. ಈವತ್ತು ಅವರನ್ನು ಎರಡು ಸ್ವರದಲ್ಲಿ ಗುರುತಿಸುತ್ತೇವಲ್ಲ, ಅದು ಆ ಹಟದ ಫಲ.

ಸ್ಯಾಕ್ಸೊಫೋನಿಗೆ ಕಿವಿ ಕೊಟ್ಟು ದಾರಿ ತಪ್ಪಿದರೆ ಡ್ರಮ್ಸ್ ಕಡೆ ಹೋಗಿ. ತಾಳ ಹಿಡಿಯುವ ದೊಡ್ಡ ತಟ್ಟೆಯ ಮೇಲೆ ಕೋಲು ಬೀಳುವ ರೀತಿ ಕೈಬರಹ ಇದ್ದ ಹಾಗೆ. ಎಲ್ವಿನ್ ಜೋನ್ಸ್ ನುಡಿಸಿದರೆ ಮೂರು ಮೂರರ ಅಲೆಗಳು ಒಂದರ ಮೇಲೊಂದು ಉರುಳುತ್ತವೆ. ಫಿಲಿ ಜೋ ಜೋನ್ಸ್ ಆದರೆ ನಾಲ್ಕನೇ ಪೆಟ್ಟಿಗೆ ಡ್ರಮ್ಮಿನ ಅಂಚಿನ ಮೇಲೆ ‘ಟಕ್’. ಡ್ರಮ್ಸ್ ಯಾರು ಅಂತ ಗೊತ್ತಾದರೆ ಕಾಲ ಗೊತ್ತಾಗುತ್ತದೆ, ಕಾಲ ಗೊತ್ತಾದರೆ ತಂಡ ಗೊತ್ತಾಗುತ್ತದೆ. ಇನ್ನು ಕೆಲವರು ಕೋಣೆಯನ್ನೇ ಗುರುತಿಸುತ್ತಾರೆ. ರೂಡಿ ವ್ಯಾನ್ ಗೆಲ್ಡರ್ ಅಂತ ಸೌಂಡ್ ಎಂಜಿನಿಯರ್ ಇದ್ದರು. ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್‌ನಲ್ಲಿ ತಂದೆ ತಾಯಿಯ ಮನೆಯ ಹಜಾರವೇ ಅವರ ಸ್ಟುಡಿಯೋ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿ ಇರುವ ಸ್ಟುಡಿಯೋ ಕಟ್ಟಿದರು. ಎರಡೂ ಕಡೆ ಪಿಯಾನೋಗೆ ಒಂದು ಬಗೆಯ ಪೆಟ್ಟಿಗೆಯೊಳಗಿನ ಧ್ವನಿ. ‘ಯಾರೋ ಗೊತ್ತಿಲ್ಲ, ಆದರೆ ವ್ಯಾನ್ ಗೆಲ್ಡರ್ ಹಜಾರ’ ಅನ್ನುವ ಗೆಳೆಯರು ನನಗಿದ್ದಾರೆ. ಅವರನ್ನು ಕಂಡರೆ ಹೊಟ್ಟೆಕಿಚ್ಚು, ನಿಜ ಹೇಳಬೇಕು ಅಂದರೆ ಸ್ವಲ್ಪ ಬೇಸರ ಕೂಡ. ಗೋಡೆ ಕೇಳುತ್ತಾ ಕೂತರೆ ಹಾಡು ಕೇಳುವುದು ಯಾವಾಗ?

ಕಿವಿ ತಪ್ಪುತ್ತದೆ ಸರಿ, ಲೇಬಲ್ ನೋಡಿದರೆ ಆಯಿತಲ್ಲ ಅನ್ನುತ್ತೀರಾ? ಲೇಬಲ್ಲೂ ಸುಳ್ಳು ಹೇಳುತ್ತದೆ. ಒಂದು ಕಂಪನಿಗೆ ಒಪ್ಪಂದ ಬರೆದುಕೊಟ್ಟವರು ಇನ್ನೊಂದಕ್ಕೆ ನುಡಿಸಿದರೆ ಹೆಸರು ಬದಲಿಸುವುದು ಆಗ ಮಾಮೂಲು. 1953ರಲ್ಲಿ ಟೊರೊಂಟೊದ ಮ್ಯಾಸಿ ಹಾಲ್‌ನ ಕಛೇರಿ ರೆಕಾರ್ಡ್ ಆಗಿ ಬಂದಾಗ ಆಲ್ಟೊ ಸ್ಯಾಕ್ಸೊಫೋನ್ ‘ಚಾರ್ಲಿ ಚಾನ್’ ಅಂತ ಇತ್ತು. ಆಸಾಮಿ ಚಾರ್ಲಿ ಪಾರ್ಕರ್. ಟೆನರ್ ಸ್ಯಾಕ್ಸೊಫೋನಿನ ಜಾನ್ ಕೋಲ್ಟ್ರೇನ್ ಅವರ ‘ಓಲೆ’ ರೆಕಾರ್ಡಿನಲ್ಲಿ ‘ಜಾರ್ಜ್ ಲೇನ್’ ಅಂದರೆ ಎರಿಕ್ ಡಾಲ್ಫಿ. ‘ಬಕ್‌ಶಾಟ್ ಲಾ ಫಂಕ್’ ಅಂದರೆ ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ. ಇಂಥ ಹೆಸರು ಇಟ್ಟುಕೊಂಡವರಿಗೆ ಬಚ್ಚಿಟ್ಟುಕೊಳ್ಳುವ ಮನಸ್ಸು ಎಷ್ಟಿತ್ತೋ!

ಎಲ್ಲಕ್ಕಿಂತ ದೊಡ್ಡ ಜಗಳ ಪಾರ್ಕರ್ ತಮ್ಮ ‘ಕೋ-ಕೋ’ ರೆಕಾರ್ಡ್ ಮಾಡಿದ ದಿನದ್ದು. 1945ರ ನವೆಂಬರ್ 26, ನ್ಯೂಯಾರ್ಕ್, ಸವಾಯ್ ಕಂಪನಿ. ಪಿಯಾನೋಗೆ ಬರಬೇಕಿದ್ದ ಬಡ್ ಪೊವೆಲ್ ಬರಲಿಲ್ಲ. ಟ್ರಂಪೆಟ್‌ಗೆ 19 ವರ್ಷದ ಹುಡುಗ ಮೈಲ್ಸ್ ಡೇವಿಸ್ ಇದ್ದ. ‘ಕೋ-ಕೋ’ದ ಶುರುವಿನ ಆ ಮಿಂಚಿನ ಓಟ ಅವನ ಕೈಗೆ ದಕ್ಕುವಂಥದ್ದಲ್ಲ. ಡಿಜ್ಜಿ ಗಿಲೆಸ್ಪಿ ಟ್ರಂಪೆಟ್ ಊದಿದರು, ಪಿಯಾನೋ ಮುಂದೆಯೂ ಕೂತರು. ಬೇರೆ ಕಂಪನಿಯ ಒಪ್ಪಂದ ಇದ್ದದ್ದರಿಂದ ಪಿಯಾನೋ ವಾದಕನ ಹೆಸರು ‘ಹೆನ್ ಗೇಟ್ಸ್’ ಅಂತಾಯಿತು. ಇದರ ಮೇಲೆ ಆರ್ಗಾನ್ ಥಾರ್ನ್‌ಟನ್ ಅನ್ನುವ ಇನ್ನೊಬ್ಬ ಪಿಯಾನೋ ವಾದಕರೂ ಅಲ್ಲಿದ್ದರು. ಹಾಗಾದರೆ, ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ ಮುದ್ರಿಸಿದ ಟೇಕುಗಳ ಪೈಕಿ ಯಾವ ಟೇಕ್‌ನಲ್ಲಿ ಪಿಯಾನೋ ಯಾರದ್ದು? ಅಭಿಮಾನಿಗಳು, ಪಟ್ಟಿ ಮಾಡುವವರು ದಶಕಗಳ ಕಾಲ ಇದೇ ಚರ್ಚೆ ಮಾಡಿದರು. ಆ ದಿನದ ಒಂದು ಅರ್ಧ ಟೇಕ್ ಉಳಿದಿದೆ. ‘ಕೋ-ಕೋ’ ಕಟ್ಟಿರುವುದು ‘ಚೆರೋಕಿ’ ಅನ್ನುವ ಹಾಡಿನ ಚೌಕಟ್ಟಿನ ಮೇಲೆ. ಆ ಟೇಕ್‌ನಲ್ಲಿ ಅವರು ನೇರವಾಗಿ ‘ಚೆರೋಕಿ’ ರಾಗಕ್ಕೇ ಇಳಿಯುತ್ತಾರೆ, ಕೂಡಲೇ ಯಾರೋ ನಿಲ್ಲಿಸಿಬಿಡುತ್ತಾರೆ. ನನಗೆ ಪೂರ್ತಿ ಟೇಕ್‌ಗಿಂತ ಒಮ್ಮೊಮ್ಮೆ ಅದೇ ಇಷ್ಟ. ಬಾಗಿಲ ಸಂದಿಯಲ್ಲಿ ಇಣುಕಿದ ಹಾಗೆ.

‘ಕೈಂಡ್ ಆಫ್ ಬ್ಲೂ’ಗೆ ಮತ್ತೆ ಬರುತ್ತೇನೆ, ಆ ಸೇಡು ಇನ್ನೂ ಇದೆ. 1959ರ ಮಾರ್ಚ್ 2ರಂದು ಧ್ವನಿಮುದ್ರಣ ಮಾಡಿದ ಟೇಪ್ ಯಂತ್ರ ಸ್ವಲ್ಪ ನಿಧಾನ ಓಡುತ್ತಿತ್ತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಏನಾಗುತ್ತದೆ? ಶ್ರುತಿ ಒಂದು ಕೂದಲೆಳೆ ಏರುತ್ತದೆ. ಮೊದಲ ಬದಿಯ ಮೂರೂ ಟ್ರ್ಯಾಕ್ ಹಾಗೇ ಅಚ್ಚಾದವು. 1992ರಲ್ಲಿ, ಪಕ್ಕದಲ್ಲಿ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪ್ ಬಳಸಿ ಸರಿಪಡಿಸಿದರು. 30 ವರ್ಷಕ್ಕಿಂತ ಜಾಸ್ತಿ ಕಾಲ ಜಗತ್ತೆಲ್ಲ ಏರಿದ ಶ್ರುತಿಯಲ್ಲೇ ಕೇಳಿ ತಲೆದೂಗಿತು. ಮೊದಲ ಮುದ್ರಣಗಳಲ್ಲಿ ಎರಡನೇ ಬದಿಯ ಎರಡು ಟ್ರ್ಯಾಕ್‌ಗಳ ಹೆಸರೂ ಅದಲು ಬದಲಾಗಿದ್ದವು. ‘ಆಲ್ ಬ್ಲೂಸ್’ ಅಂದುಕೊಂಡು ‘ಫ್ಲಮೆಂಕೊ ಸ್ಕೆಚಸ್’ಗೆ ಕಣ್ಣೀರಿಟ್ಟವರು ಇರಲೇಬೇಕು.

ಹೆಸರೇ ಇಲ್ಲದ ಟೇಪ್‌ಗಳದ್ದು ಇನ್ನೊಂದು ಲೋಕ. ಡೀನ್ ಬೆನೆಡೆಟ್ಟಿ ಅಂತ ಒಬ್ಬ ಸ್ಯಾಕ್ಸೊಫೋನ್ ವಾದಕ. 1947–48ರಲ್ಲಿ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕೆಲವು ಕಡೆ ಯಂತ್ರ ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿಕೊಂಡ. ಪಾರ್ಕರ್ ಸೋಲೋ ಮುಗಿದ ಕೂಡಲೇ ಯಂತ್ರ ಬಂದ್. ಉಳಿದವರ ಸೋಲೋ ಅವನಿಗೆ ಬೇಡ. ಇದಕ್ಕಿಂತ ಖಡಕ್ ವಿಮರ್ಶೆ ನಾನು ಎಲ್ಲೂ ನೋಡಿಲ್ಲ. ಆ ಮುದ್ರಣಗಳು ಹೊರಗೆ ಬಂದದ್ದು 1990ರಲ್ಲಿ.

ಇನ್ನು 2005ರ ಸಂಗತಿ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಳೆಯ ರೇಡಿಯೋ ಟೇಪ್‌ಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸ ನಡೆಯುತ್ತಿತ್ತು. ಅಲ್ಲಿದ್ದ ಲ್ಯಾರಿ ಆ್ಯಪಲ್‌ಬಾಮ್ ಅವರ ಕೈಗೆ 1957ರ ಕಾರ್ನೆಗಿ ಹಾಲ್ ಕಛೇರಿಯ ಡಬ್ಬಿಗಳು ಬಂದವು. ಒಂದರ ಮೇಲೆ ಕೈಬರಹದಲ್ಲಿ ‘ಟಿ. ಮಂಕ್’ ಅಂತ ಇತ್ತು. ಟೇಪ್ ಹಾಕಿದರು. ಮಂಕ್ ಸರಿ, ಜೊತೆಗಿದ್ದ ಟೆನರ್ ಯಾರದ್ದು? ಕೋಲ್ಟ್ರೇನ್ ಹೆಸರು ಡಬ್ಬಿಯ ಮೇಲೆ ಇರಲಿಲ್ಲ. ಕಿವಿಯೇ ಹೇಳಬೇಕಾಯಿತು, ಹೇಳಿತು. ಮಂಕ್ ಜೊತೆ ಕೋಲ್ಟ್ರೇನ್ ನುಡಿಸಿದ ಆ ತಿಂಗಳುಗಳದ್ದು ಅಲ್ಲಿಯವರೆಗೆ ಸಿಕ್ಕಿದ್ದು ಬಹಳ ಕಡಿಮೆ. ಸುಮಾರು 48 ವರ್ಷ ಕಪಾಟಿನಲ್ಲಿದ್ದ ಕಛೇರಿ ಅದೇ ವರ್ಷ ರೆಕಾರ್ಡ್ ಆಗಿ ಬಂತು. ನಮ್ಮ ಆಟವನ್ನು ಯಾರಾದರೂ ಕೆಲಸವಿಲ್ಲದವರ ಆಟ ಅಂದರೆ ಈ ಕಥೆ ಹೇಳಿ.

ನೀವೂ ಮನೆಯಲ್ಲಿ ಆಡುವುದಾದರೆ ಒಂದೆರಡು ಮಾತು. ಯಾರೂ ಕೇಳಿರದ ಮೂಲೆಯ ರೆಕಾರ್ಡ್ ತಂದು ಗೆಳೆಯರನ್ನು ಸೋಲಿಸಬೇಡಿ, ಅದರಲ್ಲಿ ಮಜಾ ಇಲ್ಲ. ಎಲ್ಲರಿಗೂ ಗೊತ್ತಿರುವ ಕಲಾವಿದರ ಗೊತ್ತಿಲ್ಲದ ಮಗ್ಗುಲು ಹಾಕಿ. ಆಗ ತಪ್ಪು ರುಚಿಯಾಗಿರುತ್ತದೆ. ಒಂದು ಸಂಜೆಗೆ ಐದಾರು ಟ್ರ್ಯಾಕ್ ಸಾಕು. ಬರೆದ ಮೇಲೆಯೇ ಮಾತು. ಇಲ್ಲದಿದ್ದರೆ ಜೋರು ದನಿಯವರು ಏನಂದರೋ ಎಲ್ಲರದ್ದೂ ಅದೇ ಆಗುತ್ತದೆ. ‘ಗೊತ್ತಿತ್ತು, ನಾಲಿಗೆ ತುದಿಯಲ್ಲೇ ಇತ್ತು’ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಕಾಫಿ ಮಾಡುವ ಕೆಲಸ ಕೊಡಿ.

ಈಗ ನಿಮ್ಮ ಚೀಟಿಗಳು.

(ಬಿಡಿಸಿ ಓದಿದೆ. ಹೆಚ್ಚಿನವರು ಥೆಲೋನಿಯಸ್ ಮಂಕ್ ಅಂತ ಬರೆದಿದ್ದರು. ಸೆಸಿಲ್ ಟೇಲರ್ ಅಂತಲೂ ಇತ್ತು. ಒಂದರಲ್ಲಿ ‘ಯಾರೋ ಸಿಟ್ಟಿನ ಹುಡುಗ’ ಅಂತ.)

ಸಿಟ್ಟಿನ ಹುಡುಗನ ವಯಸ್ಸು ಆಗ 63. ಹಳೇ ತಲೆಮಾರಿನ ದೊಡ್ಡ ತಂಡದ ನಾಯಕ, ಡ್ಯೂಕ್ ಎಲಿಂಗ್ಟನ್. ‘ಮನಿ ಜಂಗಲ್’ ರೆಕಾರ್ಡಿನ ‘ಕ್ಯಾರವಾನ್’, 1962ರ ಸೆಪ್ಟೆಂಬರ್. ಬೇಸ್ ಚಾರ್ಲ್ಸ್ ಮಿಂಗಸ್, ಡ್ರಮ್ಸ್ ಮ್ಯಾಕ್ಸ್ ರೋಚ್. ಮಂಕ್ ಅಂತ ಬರೆದವರು ತಲೆ ತಗ್ಗಿಸಬೇಕಿಲ್ಲ. ಮಂಕ್ 1955ರಲ್ಲಿ ಒಂದು ಪೂರ್ತಿ ರೆಕಾರ್ಡನ್ನೇ ಎಲಿಂಗ್ಟನ್ ರಚನೆಗಳಿಗೆ ಮೀಸಲಿಟ್ಟಿದ್ದರು. ನಿಮಗೆ ಕೇಳಿಸಿದ ಹೋಲಿಕೆ ಸರಿಯಾಗೇ ಇದೆ, ಮಗನ ಮುಖದಿಂದ ಅಪ್ಪನನ್ನು ಗುರುತಿಸಿದಿರಿ ಅಷ್ಟೇ. ಆ ಬೇಸ್ ಯಾಕೆ ಅಷ್ಟು ಎಳೆದಾಡುತ್ತದೆ ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಗೊಣಗಿದ್ದು ಕೇಳಿಸಿತು. ‘ಕ್ಯಾರವಾನ್’ ರಾಗ ಎಲಿಂಗ್ಟನ್ ತಂಡದ ಟ್ರಾಂಬೋನ್ ವಾದಕ ಹುವಾನ್ ಟಿಜಾಲ್ ಅವರದ್ದು. 1953ರಲ್ಲಿ ಮಿಂಗಸ್ ಸ್ವಲ್ಪ ಕಾಲ ಅದೇ ತಂಡದಲ್ಲಿದ್ದರು. ಕೆಲಸ ಹೋದದ್ದು ಯಾಕೆ ಗೊತ್ತಾ? ಟಿಜಾಲ್ ಜೊತೆ ಹೊಡೆದಾಟ.

ಇನ್ನೊಂದು ಸಲ ಹಾಕುತ್ತೇನೆ ಅಂತ ಕೈ ಚಾಚಿದೆ. ಅಷ್ಟರಲ್ಲಿ ಎರಡನೇ ಸಾಲಿನ ಒಬ್ಬರು ಎದ್ದು ಬಂದರು. ಮೆಲ್ಲಗೆ, ‘ಸರ್, ನನ್ನ ಚೀಟಿ ಒಂದು ನಿಮಿಷ ಕೊಡ್ತೀರಾ? ಎಲಿಂಗ್ಟನ್ ಅಂತ ಗೊತ್ತಿರಲಿಲ್ಲ, ಎರಡು ನಕ್ಷತ್ರ ಹಾಕಿಬಿಟ್ಟಿದ್ದೀನಿ, ನಾಲ್ಕು ಮಾಡ್ತೀನಿ’ ಅಂದರು.

ಕೊಡಲಿಲ್ಲ.